ಕೋಳಿಗೂಡಿನ ಫ್ಯಾನು

ಫ್ಯಾನ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ನಿವೃತ್ತ ಮೇಷ್ಟರು ತಮ್ಮ ಇಸ್ತ್ರಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆವರು ಒರೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಇಬ್ಬರು ಹೆಂಗಸರು. ಟೇಬಲ್ ಫ್ಯಾನ್ ರಿಪೇರಿಗೆ ಕೊಟ್ಟವಳನ್ನು ಮಿಕ್ಸಿ ತಂದವಳು ಮಾತಿಗೆಳೆದಳು. ಅಂಥ ಮಾತಿಗೆ ಕಿವಿ ಮುಚ್ಚಿಕೊಳ್ಳುವಷ್ಟು ಸಂಭಾವಿತರಲ್ಲ ಮೇಷ್ಟರು.

"ಅದು ನಿಮ್ಮ ಮಾವನೋರ ಫ್ಯಾನಲ್ವಾ?"

"ಹೂಂ. ಇನ್ಮೇಲೆ ಹಿತ್ತಲ ಕೋಳಿಗೂಡಿಗೆ. ಈ ಸೆಕೆಗೆ ಪಾಪ, ಕೊಕ್ಕು ತೆರ್ಕೊಂಡು ಏದುಸಿರು ಬಿಡ್ತಾವೆ."

"ಮಾವನೋರಿಗೆ ಸೆಕೆಯಾಗಲ್ವಾ?"

"ಅವರೂ ಬಾಯಿ ತೆಗೀತಾರೆ. ಆದ್ರೆ ಅದು ವರ್ಷಪೂರ್ತಿ ಇದ್ದದ್ದೇ."

"ಗೂಡಿನ ಮೇಲೆ ಒದ್ದೆ ಗೋಣಿ ಹಾಕಿದ್ರೆ ಸಾಕಿತ್ತಲ್ಲ."

"ಹಾಕಿದೀನಿ. ಬಾಟಲಿ ನೀರನ್ನ ಫ್ರಿಜ್ಜಲ್ಲಿ ಗಡ್ಡೆ ಕಟ್ಟಿಸಿ ಒಳಗಿಡ್ತೀನಿ, ಅದಕ್ಕೆ ಒರಗ್ಕೊಂಡು ಕೂರ್ತಾವೆ. ಆದ್ರೂ ಮೊಟ್ಟೆ ಕಮ್ಮಿಯಾಯ್ತು."

"ಮಾವನೋರು ಏನಂದ್ರು?"

"ಅವರು ಗೂಡಿನ ಪಕ್ಕಾನೇ ಮಂಚ ಹಾಕಿಸ್ಕೊಂಡಿದಾರೆ. ಕೋಳಿ ಕಾಯ್ತೀನಿ ಅಂತಾರೆ."

ಅಷ್ಟರಲ್ಲಿ ರಿಪೇರಿಯವನು ಫ್ಯಾನ್ ತಂದಿಟ್ಟ. "ಓಡತ್ತೆ ಅಕ್ಕ. ಆದ್ರೆ ಕತ್ತು ತಿರುಗಲ್ಲ. ಗಾಳಿ ಒಂದೇ ಕಡೆಗೆ."

"ಹಾಗಾದ್ರೆ ಯಾರ ಕಡೆಗೆ ತಿರುಗಿಸಿಡ್ತೀರಿ?" ಎಂದಳು ಮಿಕ್ಸಿಯವಳು.

"ಮೊಟ್ಟೆ ಇಡೋರ ಕಡೆಗೆ" ಎಂದು ಅವಳು ಫ್ಯಾನನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಹೋದಳು.

ಅಷ್ಟು ಹೊತ್ತೂ ಮೀಸೆಯಡಿಯಲ್ಲೇ ನಗುತ್ತಿದ್ದ ಮೇಷ್ಟರ ನಗು ತಟ್ಟನೆ ನಿಂತಿತು. ಬೆಳಿಗ್ಗೆ ಅವರ ಸೊಸೆ, "ಮಾವ, ಒಳ್ಳೆ ಕೋಳಿಮರಿ ಎಲ್ಲಿ ಸಿಗ್ತಾವೆ?" ಎಂದು ಕೇಳಿದ್ದಳು. ವಿಳಾಸ ಬರೆದುಕೊಟ್ಟವರು ಇವರೇ.