ನಾಲ್ಕನೇದು ಬರೀ ಗದ್ದಲ

...ಗದ್ದಲ ಕಣೇ ಗ್ರಿಸೆಲ್ದಾ, ನಾಲ್ಕನೇದು ವಸ್ತುವೇ ಅಲ್ಲ, ಅಳತೇಲಿ ಸೇರಿಕೊಂಡ ಬರೀ ಗದ್ದಲ. ನೀರಲ್ಲಿ ಮೂರೇ ವಸ್ತು ಅಂತ ಬರಿ, ವರದಿಗೆ ಸಹಿ ಹಾಕು, ಮನೆಗೆ ಹೋಗು. ಊರ ನಲ್ಲಿಗೆ ಬರೋ ಈ ಪರಾನಾ ನದಿ ನೀರು ಅಳೆದು ಅಳೆದು ನಿಮ್ಮ ಈ ಮೇಷ್ಟ್ರಿಗೆ ಜೀವ ಹಣ್ಣಾಗಿದೆ. ಕೂತ್ಕೋ, ಮಾಟೆ ಚಹಾ ಹೀರು. ಸೋರೆಬುರುಡೆ ಲೋಟ ಏನು ಭಾಷಣದ ಮೈಕಾ, ಹಿಡ್ಕೊಂಡೇ ಕೂತಿದ್ದೀಯ? ಆರಿಹೋಗತ್ತೆ.

ಯಾಕೆ ಹುಬ್ಬು ಏರಿಸ್ತೀಯ? ಓ, ನಾನೇ ಹೇಳಿಕೊಟ್ಟಿದ್ದು ಅಂತಾನಾ... ಹೇಳಿಕೊಟ್ಟಿದ್ದೆ, ಇಲ್ಲ ಅಂದ್ನಾ? ಅಂಕಿ ಒಂದೇ ಹಾಳೇಲಿದ್ರೆ ಹೇಗೆ ಬೇಕಾದ್ರೂ ಬಿಡಿಸಬಹುದು, ಯಾರು ಹೇಳಿದ್ದೂ ಸರಿನೇ. ಯಾವ ನಲ್ಲಿ ನೀರು, ಯಾವ ಬೆಳಕು ಹಾಯಿಸಿದ್ವಿ, ಯಾವ ಬೆಳಕು ವಾಪಸ್ ಹೊಳೀತು... ಹೀಗೆ ಹಾಳೆ ಮೇಲೆ ಹಾಳೆ ಪೇರಿಸಿ ಮೂರು ದಿಕ್ಕಿನ ಪೆಟ್ಟಿಗೆ ಕಟ್ಟಿದ್ರೆ, ಅದೇ ನಮ್ಮ ಟೆನ್ಸರ್, ಅದನ್ನ ಬಿಡಿಸೋಕೆ ಒಂದೇ ದಾರಿ. ಒಳಗಿರೋ ಒಂದೊಂದು ವಸ್ತುನೂ ತನ್ನ ಮುಖ ತಾನೇ ತೋರಿಸತ್ತೆ. ಎಲ್ಲಾ ಸರಿ. ಆದ್ರೆ ಎಷ್ಟು ಭಾಗ ಅಂತ ಮೊದಲು ನಾವು ಹೇಳಬೇಕಲ್ಲ? ತಾಪತ್ರಯ ಇರೋದೇ ಅಲ್ಲಿ. ಎಲೆ ಕೊಳೆತಿದ್ದು, ಪಾಚಿದು, ಮಣ್ಣಿಂದು. ಮುಗೀತು. ನಾಲ್ಕು ಕೇಳಿದ್ರೆ ನಾಲ್ಕು ಕೊಡತ್ತೆ, ಹತ್ತು ಕೇಳಿದ್ರೆ ಹತ್ತು ಕೊಡತ್ತೆ ಆ ಕಂಪ್ಯೂಟರ್. ಅದಕ್ಕೇನು ನಾಚಿಕೆನಾ?

ಏನಿದು, ಇನ್ನೊಂದು ಹಾಳೆ ತಳ್ತೀಯ... ಓ. ಮಾದರಿಗಳನ್ನ ಎರಡು ಪಾಲು ಮಾಡಿ ಬೇರೆ ಬೇರೆ ಬಿಡಿಸಿದ್ಯಾ? ಎರಡರಲ್ಲೂ ನಾಲ್ಕನೇದು ಇದೇ ಆಕಾರ... ಹೂಂ. ಗದ್ದಲ ಎರಡು ಸಲ ಒಂದೇ ಥರ ಬರಲ್ಲ. ಗೊತ್ತಮ್ಮ, ನಂಗೇ ಪಾಠ ಮಾಡಬೇಡ. ಒಂದೊಂದ್ಸಲ ಬಂದುಬಿಡತ್ತೆ.

ನೋಡು, ನಾಲ್ಕು ಅಂತ ಬರೆದ್ರೆ ಅದು ಸೋಯಾ ಹೊಲಕ್ಕೆ ಹೊಡೆಯೋ ಔಷಧಿ ಅಂತಾನೂ ಬರೀಬೇಕು. ನಾಳೆ ಪುರಸಭೆಯವರು, ನಾಡಿದ್ದು ಹೊಲದವರು, ಎಲ್ಲಾ ಈ ಬಾಗಿಲಿಗೇ ಬರ್ತಾರೆ. ಡಿಸೆಂಬರ್‌ಗೆ ನಾನು ರಿಟೈರು. ಕಿತ್ತಾಡೋ ಶಕ್ತಿ ಇಲ್ಲ ಕಣೇ ನಂಗೆ, ನಿಜವಾಗ್ಲೂ ಇಲ್ಲ. ನಿಮ್ಮಕ್ಕ ನೊಯೆಮಿ ಬಸುರಿ, ಇದೇ ನಲ್ಲಿ ನೀರು ಕುಡೀತಾಳೆ, ಗೊತ್ತು... ಏನೂ ಆಗಲ್ಲ. ನಾವೆಲ್ಲಾ ಕುಡೀತಿಲ್ವಾ?

ಕೆಟಲ್ ಖಾಲಿನಾ? ತುಂಬಿಸು, ಇನ್ನೊಂದು ಸುತ್ತು ಆಗಲಿ... ಏ, ತಡಿ ತಡಿ, ನಲ್ಲಿದು ಬೇಡ. ಮೇಜಿನ ಕೆಳಗೆ ಕ್ಯಾನ್ ಇದೆ ನೋಡು, ಅದರದ್ದು ಹಾಕು.

...ಏನು?

ರುಚಿಗೆ, ಅಷ್ಟೇ. ನಲ್ಲಿ ನೀರಲ್ಲಿ ಮಾಟೆ ಕಹಿ ಆಗತ್ತೆ... ಸರಿ, ಮಾಟೆ ಯಾವಾಗಲೂ ಕಹಿನೇ. ಹಾಗೆ ನೋಡಬೇಡ. ಬೇಕಾದ್ರೆ ಬೈಯಿ.

ನಲ್ಲಿ ನಿಲ್ಲಿಸು ಗ್ರಿಸೆಲ್ದಾ. ಸುಮ್ಮನೆ ಹರೀತಿದೆ...

ಆಗಸ್ಟ್‌ನಿಂದ ಗೊತ್ತು ನಂಗೆ. ಮೊದಲ ಮಾದರಿಗಳು ಬಂದಾಗಲೇ ಒಬ್ಬನೇ ಕೂತು ಬಿಡಿಸಿ ನೋಡಿದ್ದೆ. ಎರಡು ಪಾಲು ಮಾಡಿಯೂ ನೋಡಿದ್ದೆ. ಮಾರನೇ ದಿನವೇ ಕ್ಯಾನ್ ತರಿಸಿದೆ... ನನಗೊಬ್ಬನಿಗೆ.

ಫೋನ್ ಅಲ್ಲಿದೆ ತಗೋ. ವರದಿ ಆಮೇಲೆ ಬರಿಯೋಣ, ನಾಲ್ಕು ಅಂತಾನೇ ಬರಿಯೋಣ. ಮೊದಲು ನಿಮ್ಮಕ್ಕನಿಗೆ ಮಾಡು.