ಖಂಡೆಪೂಜೆಯ ದಿನ ವಿದ್ಯುತ್ ಕಾವಲಿಗೆ ಕೊಟ್ಟ ರಜೆ

ಮಾನ್ಯ ಅಧ್ಯಕ್ಷರಾದ ಕರಬಸಪ್ಪನವರೇ, ವೇದಿಕೆಯ ಮೇಲಿರುವ ಆಡಳಿತ ಮಂಡಳಿಯ ಹಿರಿಯರೇ, ಹಿಂದಿನಿಂದ ಊಟದ ವಾಸನೆ ಬರುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ಇಪ್ಪತ್ತಾರು ವರ್ಷ ಸವಣೂರಿನ ಈ ಹತ್ತಿ ಮಿಲ್ಲಿನಲ್ಲಿ ಮ್ಯಾನೇಜರನಾಗಿದ್ದವನಿಗೆ ಇಂದು ಬೀಳ್ಕೊಡುಗೆ. ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ಕುಬೇರಪ್ಪನವರು ನಮ್ಮ ತಾಲೂಕಿಗೇ ಮೊದಲು ವಿದ್ಯುತ್ ಕಾವಲು ತಂದರು. ಹೌದು, ತಂದೆ. ಮೂರು ವರ್ಷದ ಹಿಂದೆ, ಎಂಬತ್ತೈದರಲ್ಲಿ ತಂದೆ. ಮೂರು ಗೋದಾಮು, ಆಫೀಸು, ತಿಜೋರಿ ಕೋಣೆ, ಐದೂ ಬಾಗಿಲಿಗೆ ತಂತಿ ಎಳೆದು ನನ್ನ ಮೇಜಿನ ಪಕ್ಕದ ಒಂದೇ ಪೆಟ್ಟಿಗೆಗೆ ಕೂಡಿಸಿದರು. ಯಾವ ಬಾಗಿಲು ತೆರೆದರೂ ಮಾಳಿಗೆಯ ಮೇಲೆ ಗಂಟೆ ಬಾರಿಸಬೇಕು, ಪೆಟ್ಟಿಗೆಯಲ್ಲಿ ಆ ಬಾಗಿಲಿನ ಕೆಂಪು ದೀಪ ಹತ್ತಬೇಕು, ನಾನು ಬಂದು ಆರಿಸುವವರೆಗೂ ಉರಿಯಬೇಕು. ಮೊದಲ ತಿಂಗಳು ಅದು ಹಿಡಿದುಕೊಟ್ಟದ್ದು ಆಫೀಸಿನ ಬಾಗಿಲು ತಳ್ಳಿದ ಒಂದು ಬೆಕ್ಕನ್ನು. ಬಡಿಗೆ ಹಿಡಿದು ಓಡಿ ಬಂದವರಲ್ಲಿ ಅಧ್ಯಕ್ಷರೂ ಇದ್ದರು.

ಅದಕ್ಕೂ ಮೊದಲು ಕಾವಲು ಎಂದರೆ ಹೂವಪ್ಪ. ಯಲವಿಗಿಯ ಹೂವಪ್ಪನನ್ನು ನೀವು ಮರೆತಿರಲಿಕ್ಕಿಲ್ಲ. ಹದಿನಾಲ್ಕು ವರ್ಷ ಹಬ್ಬ ಹುಣ್ಣಿಮೆ ಅನ್ನದೆ ಗೇಟಿನಲ್ಲಿ ಕುಳಿತವನು. ಆ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆಪೂಜೆಗೆ ನಾನೇ ಅವನಿಗೆ ಹೇಳಿದೆ, ಪೂಜೆ ಮುಗಿಸಿ ಮನೆಗೆ ಹೋಗು, ಎರಡು ದಿನ ಯಂತ್ರವೇ ಕಾಯುತ್ತದೆ ಎಂದು. "ಯಂತ್ರಕ್ಕೂ ಪೂಜಿ ಮಾಡೂಣೇನ್ರಿ ಸಾಹೇಬ್ರ?" ಎಂದು ಕೇಳಿದ. ಮಾಡದೆ ಬಿಡುತ್ತೇವೆಯೇ? ಗಿರಣಿ, ತಕ್ಕಡಿ, ಟೈಪ್‌ರೈಟರು, ಎಲ್ಲದರ ಜೊತೆ ಪೆಟ್ಟಿಗೆಗೂ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಕಾಯಿ ಒಡೆದೆವು.

ಪೂಜೆಗೆ ಇಟ್ಟದ್ದನ್ನು ದುಡಿಸಬಾರದು. ನಮ್ಮಪ್ಪ ಬಿತ್ತುವ ಕೂರಿಗೆಗೆ ಪೂಜೆ ಮಾಡಿದರೆ ಎರಡು ದಿನ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಒಮ್ಮೆ ಮುಟ್ಟಿ ನಾನು ಏಟು ತಿಂದಿದ್ದೇನೆ. ಅದೇ ಅಭ್ಯಾಸದ ಕೈ, ಸಭಿಕರೇ. ಆರತಿ ಆದ ಮೇಲೆ ಪೆಟ್ಟಿಗೆಯ ಸ್ವಿಚ್ಚನ್ನು ನಾನು ಆರಿಸಿದೆ.

ನೀವು ನಗುತ್ತಿದ್ದೀರಿ. ನಾನೂ ಇದನ್ನು ನಗೆಯ ಮಾತಾಗಿಯೇ ಮುಗಿಸಿಬಿಡಬಹುದಿತ್ತು.

ಮೂರನೆಯ ದಿನ ಮುಂಜಾನೆ ಬಂದವನೇ ಸ್ವಿಚ್ ಹಾಕಿದೆ. ಆಮೇಲೆ ನೋಡಿದರೆ ಎರಡನೇ ಗೋದಾಮಿನಲ್ಲಿದ್ದ ಹೊಸ ಮೋಟಾರು ಇಲ್ಲ. ಬೀಗ ಮುರಿದಿರಲಿಲ್ಲ, ಕೆಂಪು ದೀಪ ಹತ್ತಿರಲಿಲ್ಲ. ಬೀಗದ ಕೈ ಇದ್ದದ್ದು ನನ್ನ ಬಳಿ, ಹೂವಪ್ಪನ ಬಳಿ. ದೀಪ ಹತ್ತಿಲ್ಲವೆಂದರೆ ಪೂಜೆಯ ದಿನ ಬಾಗಿಲು ಹಾಕುವ ಮೊದಲೇ ಹೂವಪ್ಪ ಮೋಟಾರು ಸಾಗಿಸಿದ್ದಾನೆ ಎಂದರು ಮಂಡಳಿಯವರು. ಹೂವಪ್ಪನನ್ನು ಕರೆಸಿ ಕೇಳಿದರು. ಅವನು ನನ್ನ ಮುಖ ನೋಡಿದ. "ಯಂತ್ರ ಚಾಲೂ ಇತ್ತೋ ಇಲ್ಲೋ, ಸಾಹೇಬ್ರನ್ನ ಕೇಳ್ರಿ" ಎಂದ. ನನ್ನನ್ನು ಕೇಳಿದರು. ನಾನು ಏನು ಹೇಳಿದೆ? ಯಂತ್ರ ಸುಳ್ಳು ಹೇಳುವುದಿಲ್ಲ ಎಂದೆ. ಆ ದಿನವೇ ಅವನನ್ನು ಕೆಲಸದಿಂದ ತೆಗೆದರು.

ಮೋಟಾರು ಯಾರು ಒಯ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಬೀಗದ ಕೈ ನನ್ನ ಬಳಿಯೂ ಇತ್ತು; ಹೂವಪ್ಪನೊಬ್ಬನ ಮೇಲೆ ಸಾಕ್ಷಿ ಎಂದು ಇದ್ದದ್ದು ಆ ಹತ್ತದ ದೀಪ ಒಂದೇ. ಅದು ಹತ್ತದಂತೆ ಮಾಡಿದವನು ನಾನು. ಯಂತ್ರ ತಂದವನೇ ಅದನ್ನು ಆರಿಸಿದ ಎಂದು ನೀವು ನಕ್ಕೀರಿ ಎಂಬ ಹೆದರಿಕೆ, ಇಷ್ಟೇ ಕಾರಣ.

ಹೋದ ವಾರ ಯಲವಿಗಿಗೆ ಹೋಗಿ ಅವನ ಮುಂದೆ ಎಲ್ಲ ಹೇಳಿಕೊಂಡೆ. ಈಗ ಸ್ಟೇಶನ್ನಿನಲ್ಲಿ ಹಮಾಲಿ ಮಾಡುತ್ತಾನೆ. "ನೀವು ಬಂದ್ ಮಾಡಿದ್ದು ನಾ ಕಣ್ಣಾರೆ ಕಂಡೇನಿ" ಎಂದ. "ಇವತ್ತು ಹೇಳ್ತಾರ, ನಾಳೆ ಹೇಳ್ತಾರ ಅಂತ ಮೂರು ವರ್ಷ ಕಾದೆ. ನನಗ ಗೊತ್ತಿದ್ದದ್ದನ್ನ ನನ್ನ ಮುಂದ ಹೇಳಿದ್ರ ಏನ್ ಬಂತ್ರಿ?" ಈ ಸಭೆಗೆ ಬಾ ಎಂದು ಕರೆದೆ. "ನಾ ಬಂದು ಕುಂತ್ರ ನಿಮಗ ಬಾಯಿ ಬರೂದಿಲ್ಲ. ಆಕಿನ್ನ ಕಳಸ್ತೇನಿ" ಎಂದ.

ಅವನ ಹೆಂಡತಿ ಭರಮವ್ವ ಅಗೋ ಹೆಂಗಸರ ಕೊನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನೋಡಲಿ. ಕರಬಸಪ್ಪನವರೇ, ಇಂದಿನ ನಡಾವಳಿಯಲ್ಲಿ ನನ್ನ ಹೊಗಳಿಕೆ ಬರೆಸಬೇಡಿ. ಸ್ವಿಚ್ ಆರಿಸಿದವನು ಕುಬೇರಪ್ಪ, ಹೂವಪ್ಪನ ಮೇಲೆ ಹೊರಿಸಿದ್ದು ಸುಳ್ಳು ಎಂದು ಬರೆಸಿ. ನನಗೆ ಬಹಳ ನಾಚಿಕೆಯಾಗಿದೆ.

ಭರಮವ್ವ, ಯಲವಿಗಿ ಬಸ್ಸಿಗೆ ಇನ್ನೂ ಹೊತ್ತಿದೆ, ಊಟ ಮಾಡಿಕೊಂಡು ಹೋಗವ್ವ. ಎದ್ದೇಬಿಟ್ಟೆಯಾ? ಆಗಲಿ. ಬಾಗಿಲಲ್ಲಿ ನಿಂತವರು ಸ್ವಲ್ಪ ಸರಿದು ಆಕೆಗೆ ದಾರಿ ಬಿಡಿ. ಮನೆಯಲ್ಲಿ ಹೂವಪ್ಪನವರು ಕಾಯುತ್ತಿದ್ದಾರೆ.

ಕೊನೆಯವರೆಗೆ ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.