ಮೂವತ್ತು ಕೋಟಿ ವರ್ಷ ಹಳೆಯ ಫೋಟೋ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಅತಿಥಿಗಳೇ, ದಾವಣಗೆರೆ, ಹರಿಹರದ ಬಂಧುಗಳೇ, ಒಗ್ಗರಣೆ ವಾಸನೆ ಬಂದರೂ ಕದಲದೆ ಕುಳಿತಿರುವ ಸಭಿಕರೇ,

ಇಂದಿನ ಪ್ರತಿಭಾ ಪುರಸ್ಕಾರ ನನ್ನ ತಂಗಿ ಶಾಂತಕುಮಾರಿಯ ಮಗಳು ಪೂಜಾಳಿಗೆ. ದೂರದ ಒಂದು ಸುರುಳಿ ಗ್ಯಾಲಕ್ಸಿಯನ್ನು ಅಳೆದು ಡಾಕ್ಟರೇಟ್ ಪಡೆದಿದ್ದಾಳೆ. ಅದರ ಬಗ್ಗೆ ಮಾತಾಡಲು ವಿಜ್ಞಾನಿಗಳನ್ನು ಬಿಟ್ಟು ಈ ಬಕ್ಕೇಶಪ್ಪನನ್ನೇಕೆ ಕರೆದರು? ನಾನು ಸಂಬಂಧ ಕುದುರಿಸುವವನು. ಎರಡು ವರ್ಷದಿಂದ ಇವಳಿಗೆ ಗಂಡು ಹುಡುಕುತ್ತಿದ್ದೇನೆ. ಹೋದ ಮನೆಯಲ್ಲೆಲ್ಲ "ಹುಡುಗಿ ಏನ್ ಮಾಡ್ತಾಳ್ರಿ?" ಎಂದು ಕೇಳುತ್ತಾರೆ. ಹೇಳಿ ಹೇಳಿ ಆ ಗ್ಯಾಲಕ್ಸಿ ನನಗೆ ಬಾಯಿಪಾಠವಾಗಿದೆ.

ವಿವರ ಕೇಳಿ. ಹೆಸರಿಲ್ಲ, ಮನೆತನವಿಲ್ಲ, ಪಟ್ಟಿಯಲ್ಲೊಂದು ನಂಬರ್ ಅಷ್ಟೆ. ಬಣ್ಣ? ನಡುವೆ ಹಳದಿ, ಅಲ್ಲಿ ವಯಸ್ಸಾದ ನಕ್ಷತ್ರಗಳು. ಸುತ್ತಲಿನ ಎರಡು ತೋಳುಗಳು ನೀಲಿ, ಅಲ್ಲಿ ಹೊಸದಾಗಿ ಹುಟ್ಟಿದವು. ಸೆಕೆಂಡಿಗೆ ಆರೂವರೆ ಸಾವಿರ ಕಿಲೋಮೀಟರ್ ವೇಗದಲ್ಲಿ ನಮ್ಮಿಂದ ದೂರ ಓಡುತ್ತಿದೆ. ಗಂಡಿನ ಕಡೆಯವರು ಬರುತ್ತಾರೆಂದರೆ ನಮ್ಮ ಪೂಜಾ ಲೈಬ್ರರಿಗೆ ಓಡುವುದೂ ಹಾಗೆಯೇ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಮುಟ್ಟಲು ಮೂವತ್ತು ಕೋಟಿ ವರ್ಷ ಬೇಕಂತೆ. ಅಂದರೆ ಇವಳ ಬಳಿ ಇರುವ ಫೋಟೋ ಅಷ್ಟು ಹಳೆಯದು. ನಮ್ಮ ವೃತ್ತಿಯಲ್ಲಿ ಐದು ವರ್ಷ ಹಳೆಯ ಫೋಟೋ ತೋರಿಸಿದ್ದಕ್ಕೇ ಜಗಳಗಳಾಗಿವೆ ಸ್ವಾಮಿ.

ನಾನೊಮ್ಮೆ ಕೇಳಿದೆ, "ಅದನ್ನ ನೋಡಿ ಏನ್ ಸಿಗ್ತೈತಮ್ಮ ನಿಂಗೆ?"

"ಮಾವ, ಅಂಚಿನ ನಕ್ಷತ್ರಗಳು ಇರಬೇಕಾದ್ದಕ್ಕಿಂತ ಜೋರಾಗಿ ಸುತ್ತಾಕತ್ತಾವೆ. ಆದ್ರೂ ಚದುರಿ ಹೋಗಿಲ್ಲ. ಕಾಣದಿರೋದು ಏನೋ ಹಿಡ್ಕಂಡೈತೆ. ಅದೇನಂತ ಯಾರಿಗೂ ಗೊತ್ತಿಲ್ಲ. ಗೊತ್ತಾಗೋ ದಿನ ನಾನು ಅಲ್ಲಿರಬೇಕು."

ಹೇಳುವಾಗ ಅವಳ ಮುಖ ನೋಡಬೇಕಿತ್ತು. ನಾನು ತಂದ ಯಾವ ಸಂಬಂಧದ ಸುದ್ದಿಗೂ ಆ ಮುಖ ಹಾಗೆ ಅರಳಿರಲಿಲ್ಲ. ನನಗೆ ಹಿಗ್ಗಾಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ಈಗ ಲಡಾಖಿನ ದೂರದರ್ಶಕದಲ್ಲಿ ಅವಳಿಗೆ ಮೂರು ವರ್ಷದ ಕೆಲಸ ಸಿಕ್ಕಿದೆ. ಅದೇ ಹೊತ್ತಿಗೆ ಹರಿಹರದ ಒಳ್ಳೆಯ ಸಂಬಂಧವೂ ಕೂಡಿಬಂದಿದೆ. ಹುಡುಗ ಕೊಟ್ಟೂರೇಶ್ ಇವಳನ್ನು ಮೆಚ್ಚಿದ್ದಾನೆ. ಅವನು ಬಂದ ದಿನ ಇವಳೂ ಲೈಬ್ರರಿಗೆ ಓಡಲಿಲ್ಲ. ಆದರೆ ಹುಡುಗನ ತಂದೆಯವರದು ಒಂದೇ ಮಾತು: "ಬಂಗಾರದಂಥಾ ಹುಡುಗಿ. ಲಡಾಖ್ ಮಾತ್ರ ಬ್ಯಾಡ್ರಿ."

ಅವರು ಮಗನ ಜೊತೆ ಇಲ್ಲೇ ಎರಡನೇ ಸಾಲಿನಲ್ಲಿದ್ದಾರೆ. ಉತ್ತರವನ್ನು ಊಟದ ಪಂಕ್ತಿಯಲ್ಲಿ ಮೆಲ್ಲಗೆ ಹೇಳೋಣ ಎಂದುಕೊಂಡಿದ್ದೆ. ಮೈಕು ಸಿಕ್ಕ ಮೇಲೆ ನನ್ನ ಬಾಯಿ ನಿಲ್ಲುತ್ತದೆಯೇ? ಯಜಮಾನರೇ, ಪೂಜಾ ನನಗೆ ಹೇಳಿ ಆಗಿದೆ. ಅವಳು ಲಡಾಖಿಗೆ ಹೋಗುತ್ತಾಳೆ.

ಯಾರದು ಚಪ್ಪಾಳೆ? ಕೊಟ್ಟೂರೇಶ್, ನೀನೇನಪ್ಪಾ? ಅಪ್ಪನ ಮುಖ ನೋಡಬೇಡ, ತಟ್ಟು. ಮೂರು ವರ್ಷ ಕಾಯುತ್ತೀಯಾ? ತಲೆಯಾಡಿಸಿದ, ಎಲ್ಲರೂ ನೋಡಿದಿರಿ. ಯಜಮಾನರೂ ನಗು ತಡೆಯುತ್ತಿದ್ದಾರೆ, ಅದನ್ನೂ ನೋಡಿದೆ.

ಪೂಜಾ, ಇವನು ಕಾಯುತ್ತಾನಂತೆ. ಇಷ್ಟು ವರ್ಷ ಎಲ್ಲ ಹೆಣ್ಣುಮಕ್ಕಳ ಪರವಾಗಿ "ಹೂಂ" ಅಂದವನು ನಾನೇ. ನಿನ್ನ ಪರವಾಗಿ ಅನ್ನುವುದಿಲ್ಲ. ತಗೋ ತಾಯಿ, ಮೈಕು ನಿನ್ನದು.

ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ಋಣಿ, ನಮಸ್ಕಾರ.